ಕನ್ನಡಿ ತೊಳೆದವರ ಪಾಲು

ನಗೋರು ನಗಿ. ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ. ಗುಡ್ಡದ ಮೇಲಿನ ದೊಡ್ಡ ದೂರದರ್ಶಕ ನಡೆಸೋಳು, ಅದಕ್ಕೇ ದುರ್ಬೀನಕ್ಕ ಅಂತೀವಿ. ಅವತ್ತು ರಾತ್ರಿ ಮೋಟಾರ್ ಆರಿಸಿ, ಬೀಗ ಹಾಕಿ ಇಳಿದು ಬರ್ತಿದ್ಲು. ಹಾಳುಬಾವಿ ಹತ್ರ ಬಂದು ನಿಂತಳು. ಕಟ್ಟೆ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಯಾಕೆ ಅಂತೀರಾ? ಭಾವ, ಅಂದ್ರೆ ಅವಳ ಗಂಡ, ಅಲ್ಲೇ ಕನ್ನಡಿ ತೊಳೆಯೋರು. ದೂರದರ್ಶಕದ ಹೊಟ್ಟೆಯೊಳಗಿನ ಆಳುದ್ದದ ಕನ್ನಡಿ. ತೊಳೆದು ಕೂರಿಸಿದ ಮೇಲೆ ಮೊದಲ ನೋಟ ತೊಳೆದವರದ್ದೇ... ಎಂಥಾ ವಿಜ್ಞಾನಿಯೂ ಕಾಯ್ಬೇಕು, ಅಲ್ಲಿನ ರೂಢಿ ಅದು. ಭಾವ ಪ್ರತಿಸಲ ಕೇಳ್ತಿದ್ದದ್ದು ನಕ್ಷತ್ರ ಹುಟ್ಟೋ ನೀಹಾರಿಕೆ. "ಆಕಾಶದ ಬಾಣಂತಿ ಕೋಣೆ ತೋರ್ಸೇ," ಅನ್ನೋರು. ಸೋಡಾಬುಡ್ಡಿ ಕನ್ನಡಕ ತೆಗೆದಿಟ್ಟು, ತಮ್ಮ ಕಣ್ಣಿಗೆ ತಕ್ಕಂತೆ ತಿರುಪು ತಿರುಗಿಸಿ ನೋಡೋರು. ಹಾಗೇ ಬಿಟ್ಟು ಏಣಿ ಇಳಿಯೋರು. ಆಮೇಲೆ ಬಂದೋರಿಗೆಲ್ಲ ಬರೀ ಮಂಜು! "ನಿಮ್ಮ ಕಣ್ಣೇ ಊರಿಗೆಲ್ಲ ಇರತ್ತೇನ್ರೀ?" ಅಂತ ಅಕ್ಕ ರೇಗೋಳು.

ಈ ಸಲವೂ ತೊಳೆದ್ರು, ಕೂರಿಸಿದ್ರು. ಮೋಡ ಬಿಡಲಿಲ್ಲ. ಕಾಯ್ತಾ ಕಾಯ್ತಾ... ಎದೆನೋವು ಅಂದ್ರು, ಹೋಗೇಬಿಟ್ರು.

ಆಕಾಶ ತಿಳಿಯಾದದ್ದು ಭಾವನ ಕಾರ್ಯ ಎಲ್ಲ ಮುಗಿದ ಮೇಲೆ, ಆ ಬಾವಿಕಟ್ಟೆ ರಾತ್ರಿಯೇ. ಭಾವನಿಗೇ ಅಂತ ಅಕ್ಕ ನೀಹಾರಿಕೆ ಹಿಡಿದಳು. ಮೊದಲ ನೋಟ ಅವರದ್ದೇ ಆಗ್ಲಿ, ಸ್ವಲ್ಪ ಹೊತ್ತು ಏಣಿ ಖಾಲಿ ಬಿಡೋಣ ಅಂತಿದ್ಲು. ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ... ಸ್ಪಷ್ಟ ಇದೆಯಾ ಅಂತ ಹತ್ತಿ ತಾನೇ ಕಣ್ಣಿಟ್ಟುಬಿಟ್ಟಳು.

"ನಿಮ್ಮ ಪಾಲನ್ನೂ ನಾನೇ ನುಂಗಿಬಿಟ್ನಲ್ರೀ..." ಬಾವಿಕಟ್ಟೆ ಮೇಲೆ ಅದೇ ಹಾಡು.

ಆಗ... ಗರ್‍ರ್‍ರ್. ಮೇಲೆ ದೂರದರ್ಶಕದ ಗುಮ್ಮಟ ತಿರುಗೋ ಸದ್ದು. ಬೀಗದ ಕೈ ಇವಳ ಸೊಂಟದಲ್ಲೇ ಇದೆ!

ಎದ್ದೆನೋ ಬಿದ್ದೆನೋ ಅಂತ ಓಡಿದಳು. ಬೀಗ ಹಾಕಿದ ಹಾಗೇ ಇತ್ತು. ತೆಗೆದಳು. ಕತ್ತಲು. ಟಣ್... ಟಣ್... ಕಬ್ಬಿಣದ ಏಣಿ ಮೇಲೆ ಹೆಜ್ಜೆ. ನಿಂತಿತು. ಆಮೇಲೆ ಕಿರ್... ಕಿರ್... ತಿರುಪು.

"ರೀ..." ಪಿಸುಗುಟ್ಟಿದಳು. "ಕಾಣ್ತಾ?"

ತಿರುಪಿನ ಸದ್ದು ನಿಂತಿತು. ಆಮೇಲೆ ಮೇಲಿಂದ, ಮೆಲ್ಲಗೆ... "ಹ್ಞೂಂ."

"ಇಳೀಬೇಡ್ರೀ. ಇನ್ನೊಂಚೂರು ನೋಡಿ..."

ಟಣ್... ಟಣ್... ಹೆಜ್ಜೆ ಕೊನೇ ಮೆಟ್ಟಿಲವರೆಗೂ ಬಂತು. ನೆಲಕ್ಕೆ ಬರಲೇ ಇಲ್ಲ.

ಟಾರ್ಚ್ ಹಾಕಿದಳು. ಯಾರೂ ಇಲ್ಲ. ಹತ್ತಿ ಕಣ್ಣಿಟ್ಟಳು. ಅದೇ ನೀಹಾರಿಕೆ... ಬರೀ ಮಂಜು. ತಿರುಪು ಮುಟ್ಟೋಕೆ ಮನಸ್ಸು ಬರಲಿಲ್ಲ. ಬೆಳಗಾಗೋವರೆಗೂ ಆ ಮಂಜನ್ನೇ ನೋಡ್ತಾ ಅತ್ತಳಂತೆ.

ಸುಳ್ಳು ಅಂತೀರಾ? ಬೆಳಿಗ್ಗೆ ಅವಳನ್ನ ಏಣಿಯಿಂದ ಇಳಿಸಿದೋನು ನಾನೇ ಕಣ್ರೀ. ಪಕ್ಕದ ತಗಡಿನ ಮೇಲೆಲ್ಲ ಇಬ್ಬನಿ ಕೂತಿತ್ತು. ಭಾವ ಕನ್ನಡಕ ಇಡ್ತಿದ್ದ ಜಾಗದಲ್ಲಿ ಮಾತ್ರ ಒಣಗಿದ ಎರಡು ದುಂಡು ಗುರುತು. ಕಣ್ಣಾರೆ ಕಂಡಿದ್ದೀನಿ. ಕನ್ನಡಕ ಅಂತೂ ಅಲ್ಲಿರೋ ಹಾಗಿಲ್ಲ... ಅದನ್ನ ಭಾವನಿಗೆ ಹಾಕಿಯೇ ಕಳಿಸಿಕೊಟ್ಟಿದ್ವಿ.