ಶೀಟಿನ ಮೇಲೆ ಎಸೆದ ಹಲ್ಲು

ಹಲ್ಲಿನ ಆಸ್ಪತ್ರೆಯ ಬೆಂಚಿನಲ್ಲಿ, ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದೆ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಅತ್ತೆ, ಅವರ ಸೊಸೆ. ಬೆಳಿಗ್ಗೆ ಸೈಕಲ್ಲಿಂದ ಬಿದ್ದಿದ್ದ ಅವರ ಮೊಮ್ಮಗಳು ಗಗನ ಒಳಗೆ ಡಾಕ್ಟರ ಹತ್ತಿರ ಇದ್ದಳು. ಆಗಲೇ ಸಂಜೆಯಾಗಿತ್ತು.

"ಬಿದ್ದ ತಕ್ಷಣ ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಅತ್ತೆ?"

"ನೀನು ಕೆಲ್ಸದಲ್ಲಿದ್ದೆ. ರಕ್ತ ನಿಂತೋಯ್ತು, ಇನ್ನೇನು ಅಂದ್ಕಂಡೆ ಕಣವ್ವ."

"ಡಾಕ್ಟ್ರು ಮೊದ್ಲು ಕೇಳಿದ್ದೇ ಹಲ್ಲೆಲ್ಲಿ ಅಂತ. ಹಾಲಲ್ಲಿ ಹಾಕ್ಕೊಂಡು ಆಗ್ಲೇ ಓಡಿ ಬಂದಿದ್ರೆ ಅದನ್ನೇ ಕೂರಿಸೋಕೆ ನೋಡ್ಬೋದಿತ್ತಂತೆ."

"ಬಿದ್ದೋದ ಹಲ್ಲನ್ನ ತಿರ್ಗಾ ಕೂರಿಸ್ತಾರಾ?"

"ಎಲ್ಲಿ ಹಾಕಿದ್ರಿ ಅದನ್ನ?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಸಗಣಿ ಉಂಡೆ ಒಳ್ಗಿಟ್ಟು ಪಕ್ಕದ್ಮನೆ ಶೀಟಿನ ಮ್ಯಾಲೆ ಎಸ್ದುಬುಟ್ಟೆ. ಮೊದ್ಲು ಬಿದ್ದಿದ್ದನ್ನೂ ಅಂಗೇ ಎಸ್ದಿದ್ದು. ಹೊಸದು ಬಂತಲ್ಲ!"

"ಅದು ಹಾಲುಹಲ್ಲು. ಇದು ಆ ಹೊಸದೇ ಅತ್ತೆ. ಇನ್ನೊಂದು ಬರಲ್ಲ."

"ಈಗ್ಲೇ ಏಣಿ ಹಾಕಿ ತೆಗ್ಸಿ, ತೊಳ್ದು ತಂದ್ರೆ?"

"ಕೇಳ್ದೆ. ಒಣಗಿ ಸತ್ತೋಗಿರುತ್ತಂತೆ."

"ನಮ್ಮನೆ ಎದುರ್ಗೇ ಹಲ್ಲಿನ ಕ್ಲಿನಿಕ್ಕಿತ್ತು ಕಣವ್ವ. ಬಾಗ್ಲು ತೆಗ್ದಿತ್ತು."

"ಸುಮ್ನಿರಿ ಅತ್ತೆ. ಸಾಕು."

ಬಾಗಿಲು ತೆರೆಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಗಗನ ಬಂದು ಅಜ್ಜಿಯ ಕೈ ಹಿಡಿದಳು.

"ಅಜ್ಜಿ, ಶೀಟಿನ ಮೇಲೆ ಹಾಕಿದೀವಿ, ಬರುತ್ತೆ ಅಂತ ಡಾಕ್ಟ್ರಿಗೂ ಹೇಳ್ದೆ. ಹೋದ್ಸಲದ ತರಾನೇ ಬೇಗ ಬರುತ್ತಲ್ವಾ?"

ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ಚೀಲ ಎತ್ತಿಕೊಂಡು ಮೊದಲೇ ಮೆಟ್ಟಿಲಿಳಿದಳು. ಮಗು ಕೆಳಗಿನವರೆಗೂ ಅದನ್ನೇ ಕೇಳುತ್ತಾ ಹೋಯಿತು.