ಗೋಡೆಗೆ ಅಂಟಿಸಿದ ಚೀಟಿ

ಆಸ್ಪತ್ರೆಯ ಬೆಡ್‌ಶೀಟು ಒಗೆಯುವ ಕಾರ್ಖಾನೆಯೊಂದರ ಎದುರು ಬಸ್ಸಿಗೆ ಕಾಯುತ್ತಿದ್ದೆ. ಕೆಲಸ ಮುಗಿಸಿದ ಇಬ್ಬರು ಹೆಂಗಸರು ಬಂದು ಪಕ್ಕದಲ್ಲಿ ಕೂತರು. ದೊಡ್ಡಾಕೆ ಇಸ್ತ್ರಿ ಮಾಡುವವಳು, ಚಿಕ್ಕಾಕೆ ಬಟ್ಟೆ ಮಡಚುವವಳು. ಮಾತು ತೆಗೆದವಳು ಚಿಕ್ಕಾಕೆ.

“ಅಕ್ಕಾ, ಸೂಪರ್‌ವೈಸರ್ ಕೆಲಸಕ್ಕೆ ಹೆಸರು ಕೊಟ್ರಾ?”

“ಅದಕ್ಕೆ ಹತ್ತನೇ ಕ್ಲಾಸ್ ಪಾಸಾಗಿರ್ಬೇಕು ಕಣೆ. ನನಗೆ ಅಕ್ಷರ ಅಂದ್ರೆ ಇರುವೆ ಸಾಲು.”

“ಈ ಸಲ ಓದು ಬೇಡ, ಹತ್ತು ವರ್ಷ ದುಡಿದಿದ್ರೆ ಸಾಕು ಅಂತ ಮಾಲೀಕರೇ ಚೀಟಿ ಬರೆಸಿದ್ದಾರೆ.”

“ಎಲ್ಲಿದೆ ಚೀಟಿ?”

“ಗೇಟಿನ ಪಕ್ಕ, ಗೋಡೆ ಮೇಲೆ. ಹದಿನೈದು ದಿನ ಆಯ್ತು. ನಿಮಗೆ ಗೊತ್ತಿದೆ ಅಂದ್ಕೊಂಡೆ.”

“ಓದೋಕೆ ಬರದೋರೂ ಬನ್ನಿ ಅಂತ ಬರೆದು ಅಂಟಿಸಿದ್ರಾ? ಭೇಷ್!”

“ನಗ್ಬೇಡಿ, ಇವತ್ತೇ ಕೊನೇ ದಿನ.”

“ಹೋಗ್ಲಿ ಬಿಡೆ. ಮೂರು ಜನ ಸೂಪರ್‌ವೈಸರಿಗೆ ನಾನೇ ಕೆಲಸ ಕಲಿಸಿದೆ. ಕಲಿತ ಮೇಲೆ ಮೂವರೂ ನನ್ನನ್ನೇ ಬೈದ್ರು.”

“ನಾಲ್ಕನೆಯವರು ನೀವೇ ಆಗಿ. ಆಫೀಸು ಇನ್ನೂ ತೆಗೆದಿದೆ.”

ಬಸ್ಸು ಬಂದು ನಿಂತಿತು. ದೊಡ್ಡಾಕೆ ಹತ್ತಲಿಲ್ಲ.

“ಅರ್ಜಿ ಬರೀಬೇಕೇನೆ?”

“ಬೇಡ್ವಂತೆ, ಬಾಯಲ್ಲಿ ಹೇಳಿದ್ರೆ ಸಾಕು.”

“ಹಾಗಾದ್ರೆ ಹೆಸರಿನ ಜೊತೆ ಇನ್ನೊಂದು ಮಾತೂ ಹೇಳ್ತೀನಿ. ಮುಂದಿನ ಸಲ ನಮ್ಮಂಥೋರಿಗೆ ಚೀಟಿ ಅಂಟಿಸ್ಬೇಡಿ, ಮೆಷಿನ್ ಹತ್ರ ಬಂದು ಕೂಗಿ ಹೇಳಿ ಅಂತ.”

ಸೆರಗು ಸರಿಪಡಿಸಿಕೊಂಡು ಆಕೆ ಮುಂದಾದಳು. ಇಬ್ಬರೂ ರಸ್ತೆ ದಾಟಿ ಗೇಟಿನೊಳಗೆ ಹೋದರು.