ನನ್ನ ತಮ್ಮನ ಬೇಸ್ ಗಿಟಾರ್ ಕುರಿತು ಎರಡು ಮಾತು

ಇಂದಿನ ಸನ್ಮಾನ ಸಭೆಯ ಅಧ್ಯಕ್ಷರಾದ ಸಕಲೇಶಪುರದ ಕಾಫಿ ವ್ಯಾಪಾರಿ ತಾಜುದ್ದೀನ್ ಸಾಹೇಬರೇ, ಕುಂದೂರು ಶಾಲೆಯ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹುಡುಕಿ ಕೂಡಿಸಿದ ಯೋಗಾನಂದ ಮೇಷ್ಟ್ರೇ, ನಿರೂಪಣೆ ಮಾಡುತ್ತಿರುವ ಶಾಹೀನ್ ಟೀಚರೇ, ಶಾಲು ಹೊದ್ದು ಬೆವರುತ್ತಿರುವ ನನ್ನ ತಮ್ಮ ತಬ್ರೇಜನೇ, ಹಾಗೂ ಸಭಿಕರೇ,

ಸೋಮವಾರ ನಾನು ರೋಜಾ ಇರುವವಳು. ಜಾವಕ್ಕೆ ಎದ್ದು ಎರಡು ತುತ್ತು ತಿಂದು, ನಮಾಜು ಮುಗಿಸಿ, ಕೊಟ್ಟಿಗೆ ಗುಡಿಸಿ, ಹಾಲು ಡೈರಿಗೆ ಹಾಕಿ, ಮೆಣಸನ್ನು ಚಾಪೆಯ ಮೇಲೆ ಹರಡಿ ಬಂದಿದ್ದೇನೆ. ಆದ್ದರಿಂದ ನನ್ನ ಮುಂದಿರುವ ಈ ನೀರಿನ ಬಾಟಲಿಯನ್ನು ಯಾರಾದರೂ ಆಚೆ ಇಡಿ. ಇಂದಿನ ಊಟ ಅಧ್ಯಕ್ಷರದು, ಉಪವಾಸ ನನ್ನದು. ಅವರವರ ಪುಣ್ಯ ಅವರವರಿಗೆ.

ನಾನು ಏಳನೇ ಕ್ಲಾಸು ಓದಿದವಳು. ಸಂಗೀತ ನನಗೆ ತಿಳಿಯದು, ಕೇಳುವುದೂ ಇಲ್ಲ. ಅದು ಒಳ್ಳೆಯ ದಾರಿಯಲ್ಲ ಎಂದು ನಮ್ಮ ಅಬ್ಬಾ ಹೇಳುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೇನೆ. ತಮ್ಮನ ಒಂದು ಕಾರ್ಯಕ್ರಮಕ್ಕೂ ನಾನು ಹೋದವಳಲ್ಲ. ಆದರೆ ನಮ್ಮ ಮನೆಯ ಪಕ್ಕದ ಶಾಲೆಯ ಮೈದಾನದಲ್ಲೇ ಆರ್ಕೆಸ್ಟ್ರಾ ಇದ್ದರೆ ಏನು ಮಾಡುವುದು? ಹಾಡಿನ ಮಾತು ನಮ್ಮ ಮನೆಯವರೆಗೆ ಬರುವುದಿಲ್ಲ, ಕೀಬೋರ್ಡೂ ಬರುವುದಿಲ್ಲ. ಇವನ ದಪ್ಪ ತಂತಿಯ ದುಮ್ ದುಮ್ ಒಂದೇ ಗೋಡೆ ದಾಟಿ ಬರುತ್ತದೆ, ಅಡುಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತವೆ. ಅದನ್ನು ನಾನು ಕೇಳಿದೆ ಎನ್ನಲಾದೀತೇ? ಕೇಳಿದ್ದು ಗೋಡೆ. ನಾನು ಆ ಗೋಡೆಗೆ ಮಂಚ ಹಾಕಿಕೊಂಡಿದ್ದೇನೆ, ಅಷ್ಟೇ.

ಇವನು ಗಣಪತಿ ಪೆಂಡಾಲಿನಲ್ಲಿ ನುಡಿಸಿದ್ದಾನೆ, ಚರ್ಚಿನ ಕ್ರಿಸ್‌ಮಸ್‌ಗೆ ನುಡಿಸಿದ್ದಾನೆ, ಉರುಸಿನ ಕವ್ವಾಲಿಗೆ ನುಡಿಸಿದ್ದಾನೆ. ಎಸ್ಟೇಟಿನವರ ಕ್ಲಬ್ಬಿನಲ್ಲಿ ಇಂಗ್ಲಿಷ್ ಹಾಡಿಗೆ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸಿನಿಮಾ ಹಾಡಿಗೆ ನುಡಿಸಿದ್ದಾನೆ. ಮಾದಮ್ಮನವರ ಭಜನಾ ಮಂಡಳಿಯ ತಬಲದವನಿಗೆ ಜ್ವರ ಬಂದಾಗ ತಬಲದ ಬದಲಿಗೂ ಇವನೇ ಕೂತ. "ಅದೇನೋ ಗುಡುಗ್ದಂಗೆ ಐತೆ ಕಣಪ್ಪ, ಆದ್ರೂ ನಮ್ ದೇವ್ರಿಗೆ ಹಿಡೀತು" ಎಂದರು ಮಾದಮ್ಮ. ಎಲ್ಲ ದೇವರಿಗೂ ಬೇಕಾದವನು, ಹೆಣ್ಣು ಕೊಡುವವರಿಗೆ ಮಾತ್ರ ಬೇಡ. ವಯಸ್ಸು ನಲವತ್ತೆರಡಾಯಿತು.

ಹೋದ ವರ್ಷ ಅಧ್ಯಕ್ಷರ ಮನೆಯ ಮದುವೆಗೂ ಇವನದೇ ಆರ್ಕೆಸ್ಟ್ರಾ. ಸಾಹೇಬರು ತಾವೇ ಮೈಕು ಹಿಡಿದು ಹಾಡಿದರು. ಎಷ್ಟು ಚೆನ್ನಾಗಿತ್ತೆಂದು ಸಕಲೇಶಪುರ ಇಂದಿಗೂ ಹೇಳುತ್ತದೆ. ನನ್ನ ತಮ್ಮ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ಆಪಾ, ಸಾಹೇಬ್ರು ಒಂದ್ ಶ್ರುತೀಲಿ ಶುರು ಮಾಡಿ ಇನ್ನೆಲ್ಲಿಗೋ ಹೋಗ್ಬುಟ್ರು. ಕೀಬೋರ್ಡ್ ನಟರಾಜ್ ಕೈ ಎತ್ಬುಟ್ಟ. ನಾನು ಮಾತ್ರ ಅವ್ರು ಹೋದಲ್ಲೆಲ್ಲ ಹಿಂದಿಂದೇ ಹೋದೆ. ಜನ ಅದೇ ಸರಿ ಅನ್ಕೊಂಡ್ರು!" ಸಾಹೇಬರು ಈಗ ನಗುತ್ತಿದ್ದಾರೆ. ದೊಡ್ಡ ಮನಸ್ಸು.

ಆ ಮದುವೆಯಲ್ಲಿ ಸಾಹೇಬರ ಅಣ್ಣನ ಮಗಳು ರುಬೀನಾ ಇದ್ದಳು. ಗಂಡ ತೀರಿಕೊಂಡ ಮೇಲೆ ಟೈಲರ್ ಅಂಗಡಿ ಇಟ್ಟುಕೊಂಡು ತನ್ನ ಕಾಲ ಮೇಲೆ ನಿಂತವಳು. ಅವಳಿಗೂ ನನ್ನ ತಮ್ಮನಿಗೂ ಮನಸ್ಸು ಕೂಡಿತು. ನಾನು ಸಂಬಂಧ ಕೇಳಲು ಹೋದೆ. ಸಾಹೇಬರು ಚಹಾ ಕೊಟ್ಟು ಹೇಳಿದರು: "ಹುಡ್ಗ ಒಳ್ಳೇವ್ನೇ ಕಣಮ್ಮ ಮಸೂದಾ. ಆ ಗಿಟಾರ್ ಮಾರ್ಬುಡ್ಲಿ. ನಮ್ ಗೋಡೌನಲ್ಲಿ ಕಾಫಿ ತೂಕ ನೋಡ್ಕೊಂಡಿರ್ಲಿ. ವಾದ್ಯದವ್ನಿಗೆ ಹೆಣ್ಣು ಕೊಟ್ರೆ ನಾಲ್ಕ್ ಜನ ಏನಂತಾರೆ?"

ವಾದ್ಯದವನಿಗೆ ಶಾಲು ಹೊದಿಸಿದರೆ ಜನ ಏನನ್ನುತ್ತಾರೆ? ಈಗಷ್ಟೇ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಶಾಲು ಹೊದಿಸಿದ ಕೈ ಯಾರದು? ಸಾಹೇಬರದೇ.

ನಾನು ಸಂತೋಷಪಡಬೇಕಿತ್ತು, ಅಲ್ಲವೇ? ಇವನು ಈ ವಾದ್ಯ ಬಿಡಲಿ ಎಂದು ಎಷ್ಟು ವರ್ಷ ದುವಾ ಮಾಡಿದೆ! ನಿನ್ನೆ ಸಂಜೆ ತಮ್ಮ "ಆಗ್ಲಿ ಆಪಾ, ಮಾರ್ತೀನಿ" ಎಂದು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ. ದುವಾ ಫಲಿಸಿತು, ನನಗೆ ಅನ್ನ ಸೇರಲಿಲ್ಲ. ಗಿಟಾರ್ ಮಾರದಿದ್ದರೂ, ಇವನು ಮದುವೆಯಾಗಿ ಸಕಲೇಶಪುರಕ್ಕೆ ಹೋದರೆ ಅಲ್ಲಿ ನುಡಿಸಿದ್ದು ನಮ್ಮ ಮನೆಗಂತೂ ಕೇಳುವುದಿಲ್ಲ. ಅದು ನನ್ನ ಮಾತಾಯಿತು, ಬಿಡಿ.

ಬೆಳಿಗ್ಗೆ ರುಬೀನಾಗೆ ಫೋನು ಮಾಡಿದೆ. "ಗಿಟಾರ್ ಮಾರಿದ ತಬ್ರೇಜ್ ಬೇಕೋ, ನುಡಿಸೋ ತಬ್ರೇಜ್ ಬೇಕೋ?"

"ಆಪಾ, ಮನೇಲಿ ಹೇಳಿದ್ರೆ ಚಾಚಾ ಕೇಳಿಸ್ಕೊಳಲ್ಲ. ನೀವು ಸಭೇಲಿ ಕೇಳಿ, ಸಭೇಲೇ ಹೇಳ್ತೀನಿ."

ಆದ್ದರಿಂದ ಸಭೆಯಲ್ಲೇ ಕೇಳಿದ್ದೇನೆ. ತಬ್ರೇಜ್, ತಲೆ ಎತ್ತು. ಸಾಹೇಬರೇ, ತಾವು ಕೂತುಕೊಳ್ಳಿ, ಅಧ್ಯಕ್ಷರ ಭಾಷಣ ಕೊನೆಗೆ.

ಊಟದ ಹೊತ್ತು ಮೀರಿದರೂ ಎದ್ದು ಹೋಗದೆ ಕೂತ ನಿಮಗೆಲ್ಲ ನನ್ನ ವಂದನೆ, ನಮಸ್ಕಾರ. ಶಾಹೀನ್ ಟೀಚರೇ, ಈ ಮೈಕು ಹಿಡಿದುಕೊಂಡು ಹೆಂಗಸರ ಕಡೆ ಕೊನೆಯ ಸಾಲಿಗೆ ಹೋಗಿ, ಹಸಿರು ದುಪಟ್ಟದವಳ ಉತ್ತರ ತಂದುಕೊಡಿ.